ಬೋರ್ಡಿಲ್ಲದ ಹೋಟೆಲಿನ ಬೆಣ್ಣೆ ದೋಸೆ, ಗೋಡೆಯ ಮೇಲಿನ ಸಿಂಹಗಳು

ದಾವಣಗೆರೆಯವನೊಬ್ಬ ಬೆಣ್ಣೆ ದೋಸೆ ಹೋಟೆಲಿನ ವಿಮರ್ಶೆ ಬರೆಯಲು ಕೂರುವುದೆಂದರೆ ಜಗಳವನ್ನು ಮನೆಗೆ ಕರೆದು ಮಣೆ ಹಾಕಿದಂತೆ. ಈ ಊರಿನಲ್ಲಿ ಪ್ರತಿ ಮನೆತನಕ್ಕೂ ಒಂದು ಮನೆದೇವರು, ಒಂದು ದೋಸೆ ಹೋಟೆಲು. ಎರಡನ್ನೂ ಬದಲಿಸಿಕೊಳ್ಳಿ ಎಂದು ಯಾರಿಗೂ ಹೇಳುವ ಹಾಗಿಲ್ಲ. ಆದ್ದರಿಂದ ಇದು ಊರಿನಲ್ಲೇ ಶ್ರೇಷ್ಠ ದೋಸೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನ್ನ ಷಡ್ಡಕನೇ ಮಾತು ಬಿಟ್ಟಾನು. ಹನ್ನೊಂದು ವರ್ಷಗಳಿಂದ ವಾರಕ್ಕೆ ನಾಲ್ಕು ಬೆಳಿಗ್ಗೆ ನಾನು ತಿನ್ನುತ್ತಿರುವ ದೋಸೆ ಇದು. ಅದನ್ನು ತಿನ್ನುತ್ತಾ ತಿನ್ನುತ್ತಾ, ಈಚಿನ ಎರಡು ವರ್ಷಗಳಲ್ಲಿ, ಸಿಂಹಗಳ ಸಂಸಾರವನ್ನೂ ಕಲಿತಿದ್ದೇನೆ. ಎರಡನ್ನೂ ಬರೆಯುತ್ತೇನೆ.

ಹೋಟೆಲಿನ ಹೆಸರು ಹೇಳಿ ಎಂದರೆ ಹೇಳಲಾರೆ, ಏಕೆಂದರೆ ಈಗ ಅದಕ್ಕೆ ಹೆಸರಿಲ್ಲ. ಬಾಗಿಲ ಮೇಲೆ ಕಬ್ಬಿಣದ ಚೌಕಟ್ಟು ಇದೆ, ಅದರೊಳಗೆ ಬೋರ್ಡು ಇಲ್ಲ. ಆ ಕಥೆ ಮುಂದೆ ಬರುತ್ತದೆ. ಮಂಡಿಪೇಟೆಯಿಂದ ಚೌಕಿಪೇಟೆಯ ಕಡೆಗಿನ ಓಣಿಗಳಲ್ಲಿ ಒಂದನ್ನು ಹೊಕ್ಕು, ಸೌದೆ ಹೊಗೆಯ ವಾಸನೆ ಹಿಡಿದು ನಡೆದರೆ ಸಿಗುತ್ತದೆ. ಸಿಗದಿದ್ದರೆ ಯಾವ ಹಮಾಲರನ್ನಾದರೂ ‘ಸಿಂಹದ ಹೋಟೆಲ್ ಎಲ್ಲಿ’ ಎಂದು ಕೇಳಿ. ಹೆಗಲ ಮೇಲೆ ಚೀಲವಿದ್ದರೂ ಗದ್ದ ಎತ್ತಿ ದಿಕ್ಕು ತೋರಿಸುತ್ತಾರೆ.

ನಾನು ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಮೆಕ್ಕೆಜೋಳದ ಹಂಗಾಮಿನಲ್ಲಿ ತಲೆಗೂದಲಿನಿಂದ ಹಿಡಿದು ಖಾತೆ ಪುಸ್ತಕದ ಹಾಳೆಗಳವರೆಗೆ ಎಲ್ಲವೂ ಜೋಳದ ಧೂಳು. ಅಂಗಿಯ ಜೇಬಿನಲ್ಲಿ ಸದಾ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ; ಅಭ್ಯಾಸಬಲದಿಂದ ಹೋಟೆಲಿನಲ್ಲೂ ಎಣಿಸುತ್ತೇನೆ. ಆರು ಮೇಜು, ಇಪ್ಪತ್ತನಾಲ್ಕು ಸ್ಟೂಲು, ಅವುಗಳಲ್ಲಿ ಮೂರು ಕುಂಟುತ್ತವೆ. ಕಾವಲಿಯ ಮೇಲೆ ಒಂದು ಸುತ್ತಿಗೆ ಎಂಟು ದೋಸೆ. ಬೆಣ್ಣೆ ದೋಸೆಗೆ ಐವತ್ತು ರೂಪಾಯಿ, ಖಾಲಿಗೆ ನಲವತ್ತು.

ಕಾವಲಿಯ ಮುಂದೆ ಇರುವವರು ಹಿರಿಯವ್ವ. ವಯಸ್ಸು ಎಪ್ಪತ್ತು ದಾಟಿದೆ, ಆದರೂ ಕೂರುವುದಿಲ್ಲ, ನಿಂತೇ ಹಾಕುತ್ತಾರೆ. ನೀರು ಚಿಮುಕಿಸಿ, ಅದು ಚುರ್ರೆಂದು ಮಣಿಮಣಿಯಾಗಿ ಓಡಿದ ಮೇಲೆ ತೆಂಗಿನ ಕಡ್ಡಿಯ ಪೊರಕೆಯಿಂದ ಒಮ್ಮೆ ಬಳಿದು, ಎಂಟು ಕಡೆ ಹಿಟ್ಟು ಬಿಟ್ಟು, ಬಟ್ಟಲಿನ ತಳದಿಂದ ಅಂಗೈಗಿಂತ ತುಸು ಅಗಲಕ್ಕೆ ತಿರುವುತ್ತಾರೆ. ಅಕ್ಕಿ, ಉದ್ದಿನ ಜೊತೆ ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟು. ಹುಳಿ ಇಣುಕಿರುತ್ತದೆ, ಮೇಲೆ ಬಿದ್ದಿರುವುದಿಲ್ಲ. ಹಿಟ್ಟಿನ ಮೇಲೆ ಸಣ್ಣ ಕಣ್ಣುಗಳು ತೆರೆಯುವ ಹೊತ್ತಿಗೆ ಬಿಳಿ ಬೆಣ್ಣೆ ಬೀಳುತ್ತದೆ. ನಿಂಬೆಹಣ್ಣಿನಷ್ಟು ಎನ್ನುವುದು ಎಲ್ಲ ಹೋಟೆಲಿನವರ ಮಾತು, ಇಲ್ಲಿ ನಿಜವಾಗಿಯೂ ನಿಂಬೆಹಣ್ಣಿನಷ್ಟು. ತಿರುವಿ ಹಾಕಿ ಇನ್ನರ್ಧ. ತಟ್ಟೆಗೆ ಬಂದ ಮೇಲೆ ಮತ್ತೊಂದು ಚೂರು. ಅಂಚು ಕಟಕಟ ಎನ್ನುತ್ತದೆ, ಒಳಗೆ ಅರಳೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾಗಿದ್ದ ಊರಿನವನ ಮಾತು ಇದು, ಅರಳೆ ಎಂದರೆ ಏನೆಂದು ನನಗೆ ಗೊತ್ತು.

ಪಲ್ಯಕ್ಕೆ ಅರಿಸಿನ ಬೀಳುವುದಿಲ್ಲ. ಬೇಯಿಸಿ ಹಿಸುಕಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಅಷ್ಟೇ. ಬೆಳ್ಳಗೆ, ಸೌಮ್ಯವಾಗಿ ಇರುತ್ತದೆ. ಖಾರದ ಜವಾಬ್ದಾರಿಯೆಲ್ಲ ಕಾಯಿ ಚಟ್ನಿಯದು. ನೀರಾಗಿ, ತಣ್ಣಗೆ ಬಂದು, ನಾಲಿಗೆಯ ಹಿಂಬದಿಯಲ್ಲಿ ಹೊತ್ತಿಕೊಳ್ಳುತ್ತದೆ. ಒಂಬತ್ತು ಗಂಟೆಗೆಲ್ಲ ಮುಗಿಯುತ್ತದೆ. ಎರಡನೆಯ ಸಲ ರುಬ್ಬಿದ ಚಟ್ನಿ ಮೊದಲನೆಯದರ ಮಟ್ಟಕ್ಕಿಲ್ಲ, ಇದು ನನ್ನ ಹಳೆಯ ದೂರು. ಕಾಫಿ ಕುಡಿಯಬೇಡಿ. ಇನ್ನೇನೂ ಹೇಳುವುದಿಲ್ಲ.

ಇನ್ನು ಟಿ.ವಿ.

ಅದು ಗಲ್ಲಾ ಪೆಟ್ಟಿಗೆಯ ಎದುರು ಗೋಡೆಯ ಮೇಲೆ, ಸ್ವಲ್ಪ ಓರೆಯಾಗಿ ಇದೆ. ಮೊದಲು ಅದರಲ್ಲಿ ಸುದ್ದಿ ಬರುತ್ತಿತ್ತು. ಚುನಾವಣೆಯ ಸಮಯದಲ್ಲಿ ಇಬ್ಬರು ಗಿರಾಕಿಗಳು ಪಕ್ಷದ ಮೇಲೆ ಮಾತಿಗೆ ಮಾತು ಬೆಳೆಸಿ, ಚಟ್ನಿಯ ಬಕೆಟ್ಟು ಮಗುಚಿತು. ಕ್ರಿಕೆಟ್ ಹಾಕಿದರು, ಒಂದು ಚಹಾ ಮುಂದಿಟ್ಟುಕೊಂಡು ಹತ್ತು ಓವರು ನೋಡುವವರು ಹೆಚ್ಚಾದರು. ಧಾರಾವಾಹಿ ಹಾಕಿದರೆ ಅಡುಗೆಮನೆಯೇ ಹೊರಗೆ ಬಂದು ನಿಲ್ಲುತ್ತಿತ್ತು. ಕೊನೆಗೆ ಮೊಮ್ಮಗಳು ಪ್ರಾಣಿಗಳ ಚಾನೆಲ್ ಹಾಕಿದಳು. ‘ಇದು ಇರಲಿ, ಸಿಂಹಕ್ಕೆ ಪಕ್ಷ ಇಲ್ಲ’ ಎಂದರು ಹಿರಿಯವ್ವ. ಅಂದಿನಿಂದ ಅದೇ. ವ್ಯಾಪಾರಕ್ಕೂ ಒಳ್ಳೆಯದಾಯಿತು: ಅಪ್ಪಟ ಸಸ್ಯಾಹಾರಿ ಹೋಟೆಲಿನಲ್ಲಿ, ಪರದೆಯ ಮೇಲೆ ಜೀಬ್ರಾದ ಹೊಟ್ಟೆ ಬಗೆಯುವಾಗ, ವಿಭೂತಿ ಧರಿಸಿದ ಹಿರಿಯರು ಬೇಗ ಬೇಗ ತಿಂದು ಎದ್ದು ಹೋಗುತ್ತಾರೆ. ಮೇಜು ಖಾಲಿಯಾಗುತ್ತದೆ. ನನ್ನಂಥವರು ಸ್ಟೂಲು ತಿರುಗಿಸಿಕೊಂಡು ಕೂರುತ್ತೇವೆ.

ಮೊಮ್ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ, ಪ್ರಾಣಿಶಾಸ್ತ್ರ ಓದುತ್ತಾಳೆ. ಬೆಳಿಗ್ಗೆ ಗಲ್ಲಾದಲ್ಲಿ ಕೂತು ಕಾಲೇಜಿಗೆ ಹೋಗುತ್ತಾಳೆ. ಪರದೆಯ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವುದು, ಟಿ.ವಿ.ಯವರು ಉತ್ಪ್ರೇಕ್ಷೆ ಮಾಡಿದ್ದನ್ನು ತಿದ್ದುವುದು, ನಡುವೆ ಚಿಲ್ಲರೆ ಕೊಡುವುದು, ಮೂರೂ ಅವಳ ಕೆಲಸ. ನಾನು ಈ ಹೋಟೆಲಿಗೆ ಕೊಡುವ ಅಂಕಗಳಲ್ಲಿ ಅರ್ಧ ಅವಳ ಪಾಲಿನವು.

ಹೋದ ಶ್ರಾವಣದ ಒಂದು ಸೋಮವಾರ. ಉಪವಾಸದ ದಿನವಾದ್ದರಿಂದ ಹೋಟೆಲಿನಲ್ಲಿ ನಾಲ್ಕೇ ಜನ. ಪರದೆಯ ಮೇಲೆ ಆಫ್ರಿಕಾದ ಸೆರೆಂಗೆಟಿಯ ಹುಲ್ಲುಗಾವಲು. ಹಳೆಯ ಗಂಡು ಸಿಂಹವನ್ನು ಓಡಿಸಿ ಎರಡು ಹೊಸ ಗಂಡುಗಳು ಹಿಂಡಿಗೆ ಬಂದಿವೆ. ಒಂದು ಹೆಣ್ಣು ತನ್ನ ಮರಿಗಳನ್ನು ಕಲ್ಲುಬಂಡೆಯ ಸಂದಿಯಲ್ಲಿ ಬಚ್ಚಿಟ್ಟಿದೆ. ಹೊಸ ಗಂಡೊಂದು ಮೂಸುತ್ತಾ ಬಂದು, ಒಂದು ಮರಿಯನ್ನು ಕಚ್ಚಿ ಎತ್ತಿ, ಕೊಡವಿ, ಬಿಟ್ಟಿತು. ತಿನ್ನಲಿಲ್ಲ. ಬಿಟ್ಟು ಹೋಗಿ ಇನ್ನೊಂದನ್ನು ಹಿಡಿಯಿತು. ಹಿರಿಯವ್ವ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದಿದ್ದರು. ‘ಹಸಿವಿಗೆ ಅಲ್ಲದಿದ್ದರೆ ಮತ್ತೆ ಯಾಕೆ ಕೊಂದ?’ ಎಂದರು. ಸಿಂಹವನ್ನು ಅವರು ಯಾವಾಗಲೂ ಅವನು, ಅವಳು ಎಂದೇ ಕರೆಯುವುದು.

ಮೊಮ್ಮಗಳು ವಿವರಿಸಿದಳು. ನನಗೆ ಬಾಯಿಮಾತಿನ ವಿವರಣೆ ತಲೆಗೆ ಹತ್ತುವುದಿಲ್ಲ, ನೋಟ್‌ಬುಕ್ ತೆಗೆದು ಕೂಡಿಸಿ ಕಳೆದೆ. ಗಂಡುಗಳು ಒಂದು ಹಿಂಡನ್ನು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯವಾಗಿ ಎರಡು, ಮೂರು ವರ್ಷ. ಮೂವತ್ತು ತಿಂಗಳು ಎಂದು ಬರೆದುಕೊಂಡೆ. ಮರಿಗಳು ತಾಯಿಯನ್ನು ನಂಬಿಕೊಂಡಿರುವುದು ಸುಮಾರು ಎರಡು ವರ್ಷ. ಅವು ಬದುಕಿ ಬೆಳೆಯುತ್ತಿರುವಾಗ ತಾಯಿ ಮತ್ತೆ ಬೆದೆಗೆ ಬರುವುದಿಲ್ಲ. ಹಳಬನ ಮರಿಗೆ ಆರು ತಿಂಗಳು ಎಂದಿಟ್ಟುಕೊಂಡರೆ ಹೊಸಬ ಕಾಯಬೇಕಾದದ್ದು ಇನ್ನೂ ಹದಿನೆಂಟು ತಿಂಗಳು. ಆಮೇಲೆ ಗರ್ಭದ ಅವಧಿ ನೂರಹತ್ತು ದಿನ, ಅಂದರೆ ಮೂರೂವರೆ ತಿಂಗಳಿಗೆ ಹೆಚ್ಚುಕಡಿಮೆ ಸಮ. ಒಟ್ಟು ಇಪ್ಪತ್ತೊಂದೂವರೆ. ಅವನ ಕೈಯಲ್ಲಿ ಉಳಿದದ್ದು ಎಂಟೂವರೆ ತಿಂಗಳು. ಅವನ ಸ್ವಂತ ಮರಿಗಳು ಎಂಟೂವರೆ ತಿಂಗಳಿನವಾಗಿರುವಾಗಲೇ ಇನ್ನೊಬ್ಬ ಹೊಸಬ ಬಂದು ನಿಂತಿರುತ್ತಾನೆ.

ಈಗ ಇನ್ನೊಂದು ಪುಟ. ಹಳಬನ ಮರಿ ಸತ್ತರೆ ತಾಯಿ ಕೆಲವೇ ವಾರಗಳಲ್ಲಿ ಬೆದೆಗೆ ಬರುತ್ತಾಳೆ. ಬಂದರೂ ಗರ್ಭ ಕಟ್ಟುವುದು ಕೆಲವು ತಿಂಗಳು ತಡವಾಗುವುದುಂಟು ಎಂದಳು ಹುಡುಗಿ. ನಾಲ್ಕು ತಿಂಗಳು ಎಂದು ಹಿಡಿದೆ. ಗರ್ಭಕ್ಕೆ ಮೂರೂವರೆ. ಉಳಿದದ್ದು ಇಪ್ಪತ್ತೆರಡೂವರೆ ತಿಂಗಳು. ಮರಿ ತನ್ನ ಕಾಲ ಮೇಲೆ ನಿಲ್ಲಲು ಬೇಕಾದಷ್ಟಕ್ಕೆ ಒಂದೂವರೆ ತಿಂಗಳು ಮಾತ್ರ ಕಡಿಮೆ.

ಮೂವತ್ತೊಂದು ವರ್ಷದಲ್ಲಿ ನಾನು ಬರೆದ ಯಾವ ಲೆಕ್ಕವೂ ಹೀಗೆ ಪೈಸೆ ಪೈಸೆಗೆ ತಾಳೆಯಾಗಿಲ್ಲ. ತಾಳೆಯಾದದ್ದಕ್ಕೇ ಹೊಟ್ಟೆ ತೊಳಸಿತು. ಎರಡನೆಯ ದೋಸೆ ಬೇಡ ಎಂದೆ.

‘ತಾಯಿ ಸುಮ್ಮನೆ ನೋಡುತ್ತಾಳಾ?’ ಎಂದರು ಹಿರಿಯವ್ವ.

ಸುಮ್ಮನಿರುವುದಿಲ್ಲವಂತೆ. ಒಂದು ಹಿಂಡಿನ ಹೆಣ್ಣುಗಳೆಲ್ಲ ತಾಯಿ, ಮಗಳು, ಅಕ್ಕ, ತಂಗಿ, ಚಿಕ್ಕಮ್ಮ ಹೀಗೆ ಒಂದೇ ರಕ್ತದವು. ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈದ ತಾಯಂದಿರು ಮರಿಗಳನ್ನೆಲ್ಲ ಒಟ್ಟಿಗೆ ಸೇರಿಸಿಕೊಂಡು ಸಾಕುತ್ತಾರೆ, ಒಬ್ಬಳ ಮರಿ ಇನ್ನೊಬ್ಬಳ ಮೊಲೆಯಲ್ಲೂ ಹಾಲು ಕುಡಿಯುತ್ತದೆ. ಹೀಗೆ ಕೂಡಿ ಸಾಕುವುದು ಬೇಟೆಯ ಅನುಕೂಲಕ್ಕಿಂತ ಹೆಚ್ಚಾಗಿ ಹೊರಗಿನ ಗಂಡುಗಳಿಂದ ಮರಿಗಳನ್ನು ಉಳಿಸಿಕೊಳ್ಳುವುದಕ್ಕೆ ಎಂದು ಕ್ರೇಗ್ ಪ್ಯಾಕರ್ ಮತ್ತು ಆನ್ ಪ್ಯೂಸಿ ಎಂಬ ವಿಜ್ಞಾನಿಗಳು ತೋರಿಸಿದ್ದಾರೆ. ಸೆರೆಂಗೆಟಿಯಲ್ಲಿ ಸಿಂಹಗಳ ಅಧ್ಯಯನವನ್ನು 1966ರಲ್ಲಿ ಜಾರ್ಜ್ ಶಾಲರ್ ಶುರು ಮಾಡಿದ್ದರು. ಪ್ಯಾಕರ್ ಅಲ್ಲಿಗೆ ಹೋದದ್ದು 1978ರಲ್ಲಿ. ಒಬ್ಬಳೇ ತಾಯಿಯಾದರೆ ಗಂಡಿನ ಮುಂದೆ ನಿಲ್ಲಲಾರಳು. ಮೂವರು ಒಟ್ಟಾಗಿ ನುಗ್ಗಿದರೆ ಗಂಡು ಹಿಂದೆ ಸರಿಯುವುದುಂಟು. ಕೆಲವೊಮ್ಮೆ ತಾಯಿಯೇ ಸಾಯುತ್ತಾಳೆ. ಕೆಲವೊಮ್ಮೆ ಸ್ವಲ್ಪ ಬೆಳೆದ ಮರಿಗಳನ್ನು ಕಟ್ಟಿಕೊಂಡು ಹಿಂಡನ್ನೇ ಬಿಟ್ಟು ಹೋಗುತ್ತಾಳೆ.

ಗಂಡು ಮರಿಗಳು ಎರಡು ಮೂರು ವರ್ಷಕ್ಕೆ ಹೊರಗೆ ಹೋಗಲೇಬೇಕು, ಹೆಣ್ಣು ಮರಿಗಳಲ್ಲಿ ಹೆಚ್ಚಿನವು ಹುಟ್ಟಿದ ಹಿಂಡಿನಲ್ಲೇ ಉಳಿಯುತ್ತವೆ ಎಂದು ಹುಡುಗಿ ಹೇಳಿದಾಗ ಹಿರಿಯವ್ವ ಕಾವಲಿಯ ಕಡೆಗೆ ಹೊರಟವರು ನಿಂತರು. ‘ಮಗಳು ತವರಿನಲ್ಲೇ ಉಳಿಯುತ್ತಾಳಾ?’ ಎಂದು ಇನ್ನೊಮ್ಮೆ ಕೇಳಿದರು. ‘ಹೌದು, ಅಜ್ಜಿ.’ ಅವರು ಒಳಗೆ ಹೋಗಿ ಹಿಟ್ಟು ಬಿಟ್ಟರು. ಹುಡುಗಿಗೆ ಆ ತಿಂಗಳು ಹರಿಹರದಿಂದ ಒಂದು ಸಂಬಂಧ ಬಂದಿತ್ತು. ಅದು ಮುಂದುವರಿಯಲಿಲ್ಲ ಎಂದು ಆಮೇಲೆ ತಿಳಿಯಿತು. ಕಾರಣ ನಾನು ಕೇಳಲಿಲ್ಲ.

ಇಲ್ಲಿ ಬೋರ್ಡಿನ ಕಥೆ ಹೇಳಬೇಕು, ಇಲ್ಲದಿದ್ದರೆ ಈ ಹೋಟೆಲು ಅರ್ಥವಾಗುವುದಿಲ್ಲ. ಹೋಟೆಲು ಶುರು ಮಾಡಿದವರು ಹಿರಿಯವ್ವನ ಗಂಡ. ಹಾಗೆಂದು ಬೋರ್ಡು ಹೇಳುತ್ತಿತ್ತು. ಮೊದಲ ದಿನದಿಂದಲೂ ಹಿಟ್ಟು ರುಬ್ಬಿದವರು ಯಾರು ಎಂದು ಬೋರ್ಡು ಹೇಳುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಇಬ್ಬರು ಮೈದುನರು ಗಲ್ಲಾಕ್ಕೆ ಕೂತರು. ಐದಾರು ವರ್ಷ ಚೆನ್ನಾಗಿಯೇ ಇದ್ದರು. ನಂತರ ಪಾಲಿನ ಮಾತು ಬಂತು; ಕಿರಿಯವನು ಹೊರಗೆ ಹೋಗಿ ಇನ್ನೊಂದು ಬಡಾವಣೆಯಲ್ಲಿ ಅದೇ ಹೆಸರಿನ ಹೋಟೆಲ್ ತೆರೆದ. ಹೆಸರು ಯಾರದು ಎಂದು ವಕೀಲರ ಮನೆ, ನ್ಯಾಯಾಲಯ ಎಲ್ಲ ಆಯಿತು. ಬೋರ್ಡು ಇಳಿಯಿತು. ಹಿರಿಯವನಿಗೂ ಸಾಕಾಗಿ, ಹೋಟೆಲನ್ನು ಹೊರಗಿನ ಒಬ್ಬನಿಗೆ ಗುತ್ತಿಗೆಗೆ ಕೊಟ್ಟು ಹೋದ.

ಆ ಗುತ್ತಿಗೆದಾರ ಬಂದ ಮೊದಲ ವಾರದಲ್ಲೇ ಹೆಂಗಸರನ್ನು ಮನೆಗೆ ಕಳಿಸಿದ. ಹಿಂದಿನವರ ಕಾಲದ ಇಬ್ಬರು ಹುಡುಗರನ್ನು ಬಿಡಿಸಿದ. ಹಮಾಲರ ತಿಂಗಳ ಖಾತೆ ನಿಲ್ಲಿಸಿದ. ಬೆಣ್ಣೆಯ ಜೊತೆ ಡಾಲ್ಡಾ ಬೆರೆಸಿದ. ಬಾಯಿಗೆ ಇಟ್ಟ ತುತ್ತಿನಲ್ಲೇ ಗೊತ್ತಾಗುತ್ತಿತ್ತು, ಅಂಗುಳಿಗೆ ಮೇಣದ ಹಾಗೆ ಹಿಡಿಯುತ್ತಿತ್ತು. ಸೌದೆ ಒಲೆ ಕಿತ್ತು ಗ್ಯಾಸ್ ಇಟ್ಟ. ಗಿರಾಕಿಗಳನ್ನು ಸೆಳೆಯಲು ದೊಡ್ಡ ಟಿ.ವಿ. ತಂದು ಹಾಕಿದ. ಹದಿನಾಲ್ಕು ತಿಂಗಳು ನಡೆಸಿ, ಬಾಡಿಗೆ ಬಾಕಿ ಉಳಿಸಿ ಹೋದ. ಟಿ.ವಿ. ಬಾಕಿಗೆ ಜಮೆಯಾಗಿ ಗೋಡೆಯಲ್ಲೇ ಉಳಿಯಿತು. ಹಿರಿಯವ್ವ, ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವರ ಮಗಳು, ಸೊಸೆ, ಈ ಮೊಮ್ಮಗಳು, ನಾಲ್ವರೂ ಬಂದು ಒಲೆ ಮತ್ತೆ ಕಟ್ಟಿದರು. ಮೊದಲ ದಿನ ಹಿರಿಯವ್ವ ಹಮಾಲರ ಹಳೆಯ ಖಾತೆ ಪುಸ್ತಕವನ್ನು ಮನೆಯಿಂದ ತಂದು ಗಲ್ಲಾದ ಮೇಲೆ ಇಟ್ಟರು.

ಇದನ್ನೆಲ್ಲ ಕಣ್ಣಾರೆ ಕಂಡ ನಾನು, ಶ್ರಾವಣದ ಆ ಸೋಮವಾರ, ಬಹಳ ಜಾಣತನದ ಮಾತು ಆಡುತ್ತಿದ್ದೇನೆ ಎಂದುಕೊಂಡು, ‘ನಮ್ಮ ಗುತ್ತಿಗೆದಾರನೂ ಇದೇ ಜಾತಿಯ ಸಿಂಹ’ ಎಂದೆ. ಹುಡುಗಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನನ್ನ ಕಡೆಗೆ ನೋಡಿದಳು. ‘ಕಾಕಾ, ಆತ ಡಾಲ್ಡಾ ಹಾಕಿದ್ದು ದುರಾಸೆಗೆ. ಸಿಂಹಕ್ಕೆ ಆ ಮರಿಯ ಮೇಲೆ ಸಿಟ್ಟೂ ಇಲ್ಲ, ಆಸೆಯೂ ಇಲ್ಲ. ಅದೇ ಗಂಡು ಒಂದು ವರ್ಷವಾದ ಮೇಲೆ ತನ್ನ ಮರಿಗಳನ್ನು ಬೆನ್ನ ಮೇಲೆ ಹತ್ತಿಸಿಕೊಂಡು ಮಲಗಿರುತ್ತದೆ. ಅದನ್ನು ಬೈಯುವುದಕ್ಕೆ ನಮ್ಮ ಪುರಾಣ ಬೇಡ.’ ಮೂವತ್ತೊಂದು ವರ್ಷ ಲೆಕ್ಕ ಬರೆದವನಿಗೆ ಹತ್ತೊಂಬತ್ತರ ಹುಡುಗಿ ತಪ್ಪು ಹಿಡಿದು ಕೆಂಪು ಶಾಯಿ ಹಾಕಿದಂತಾಯಿತು. ಒಪ್ಪಿಕೊಂಡೆ. ಆದರೆ ಆಮೇಲೂ ಆ ಹೋಲಿಕೆ ಮನಸ್ಸಿಗೆ ಬರುವುದು ನಿಂತಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ನನಗೆ ಹೆಚ್ಚು ಹಿಡಿಸಿದ್ದು ಬೇರೆ ಒಂದು ಸಂಗತಿ. ಸಿಂಹಿಣಿಗಳಿಗೆ ಎಣಿಸಲು ಬರುತ್ತದೆಯಂತೆ. ಕರೆನ್ ಮೆಕೋಂಬ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗ. ಸೆರೆಂಗೆಟಿಯಲ್ಲಿ ಧ್ವನಿವರ್ಧಕ ಇಟ್ಟು, ಅಪರಿಚಿತ ಹೆಣ್ಣು ಸಿಂಹದ ಘರ್ಜನೆ ಕೇಳಿಸಿದರು. ಒಂದೇ ಧ್ವನಿ ಕೇಳಿದರೆ ಹಿಂಡಿನ ಹೆಣ್ಣುಗಳು ಎದ್ದು ಆ ಕಡೆಗೆ ನಡೆಯುತ್ತವೆ. ಮೂರು ಧ್ವನಿ ಒಟ್ಟಿಗೆ ಕೇಳಿದರೆ ನಿಂತು ತೂಗಿ ನೋಡುತ್ತವೆ. ತಮ್ಮ ಸಂಖ್ಯೆ ಹೆಚ್ಚಿದ್ದರೆ ಹೊರಡುತ್ತವೆ, ಕಡಿಮೆಯಿದ್ದರೆ ದೂರದ ಸಂಗಾತಿಗಳನ್ನು ಕೂಗಿ ಕರೆಯುತ್ತವೆ. ಘರ್ಜನೆ ಎಂಟು ಕಿಲೋಮೀಟರ್ ದೂರಕ್ಕೆ ಕೇಳುತ್ತದೆ, ಅಂದರೆ ನಮ್ಮ ಗಡಿಯಾರ ಕಂಬದ ಬಳಿ ಗರ್ಜಿಸಿದರೆ ಹರಿಹರದ ಅರ್ಧ ದಾರಿಯಲ್ಲಿರುವವನಿಗೆ ಕೇಳಿಸಬೇಕು. ಕತ್ತಲಲ್ಲಿ, ಕಣ್ಣಿಗೆ ಕಾಣದ ಶತ್ರುವನ್ನು ಕಿವಿಯಿಂದ ಎಣಿಸಿ, ಕೂಡಿಸಿ ಕಳೆದು, ಮುಂದಿನ ಹೆಜ್ಜೆ ಇಡುವುದು. ಮಂಡಿಯಲ್ಲಿ ಟೆಂಡರ್ ಬರೆಯುವ ವರ್ತಕರಿಗೂ ಇಷ್ಟು ಶಿಸ್ತು ಇಲ್ಲ.

ಅದೇ ಕಾಡಿನಲ್ಲಿ ಮತ್ತೊಂದು ಅಧ್ಯಯನ, 1995ರದು. ಶತ್ರುವಿನ ಕಡೆಗೆ ಹೊರಟಾಗ ಕೆಲವು ಹೆಣ್ಣುಗಳು ಯಾವಾಗಲೂ ಮುಂದೆ, ಕೆಲವು ಯಾವಾಗಲೂ ಹಿಂದೆ. ಮುಂದೆ ಹೋಗುವವಳು ಹಿಂದೆ ಉಳಿದವಳನ್ನು ತಿರುಗಿ ತಿರುಗಿ ನೋಡುತ್ತಾಳೆ. ಅವಳಿಗೆ ಗೊತ್ತು. ಆದರೂ ಹಿಂದಿನವಳಿಗೆ ದಂಡನೆ ಇಲ್ಲ, ಹಿಂಡಿನಿಂದ ಹೊರಗೆ ಹಾಕುವುದೂ ಇಲ್ಲ. ಹುಡುಗಿ ಇದನ್ನು ಹೇಳಿ ಮುಗಿಸಿದಾಗ ಅಡುಗೆಮನೆಯಿಂದ ಸೊಸೆಯ ನಗು ಕೇಳಿಸಿತು. ಪಾತ್ರೆ ತೊಳೆಯಲು ಬರುವ ಹೆಂಗಸು ದಿನವೂ ಏಳಕ್ಕೆ ಬರಬೇಕಾದವಳು ಎಂಟಕ್ಕೆ ಬರುತ್ತಾಳೆ. ಹಿರಿಯವ್ವ ದಿನವೂ ಬಾಗಿಲ ಕಡೆ ನೋಡುತ್ತಾರೆ. ಬಂದ ಕೂಡಲೇ ಮೊದಲು ದೋಸೆ ಕೊಡುತ್ತಾರೆ.

ಅಣ್ಣತಮ್ಮಂದಿರ ಕೂಟಗಳ ಕಥೆಯನ್ನೂ ನೋಡಿದ್ದೇವೆ. ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಎಂಬ ವನ್ಯಧಾಮದಲ್ಲಿ ಮಪೋಗೊ ಎಂದು ಹೆಸರಾದ ಆರು ಗಂಡುಗಳು ಕೆಲವು ವರ್ಷ ದೊಡ್ಡ ಪ್ರದೇಶವನ್ನು ನಡುಗಿಸಿದವು, ಲೆಕ್ಕವಿಲ್ಲದಷ್ಟು ಸಿಂಹಗಳನ್ನು ಕೊಂದವು. ನಂತರ ತಮ್ಮೊಳಗೇ ಎರಡಾದವು. ಒಂದನ್ನು 2010ರಲ್ಲಿ, ಇನ್ನೊಂದನ್ನು 2012ರಲ್ಲಿ ಹೊರಗಿನಿಂದ ಬಂದ ಗಂಡುಗಳು ಕೊಂದವು. ಈ ಕಂತು ಬಂದಾಗಲೆಲ್ಲ ಹಿರಿಯವ್ವನ ಮಗಳು ಚಾನೆಲ್ ಬದಲಿಸುತ್ತಾರೆ. ಅದೊಂದಕ್ಕೆ ಮಾತ್ರ.

ನಮ್ಮ ದೇಶದ ಗಿರ್ ಸಿಂಹಗಳ ರೀತಿ ಸ್ವಲ್ಪ ಬೇರೆ. 2020ರಲ್ಲಿ 674 ಇದ್ದದ್ದು 2025ರ ಗಣತಿಯಲ್ಲಿ 891 ಆಗಿವೆ. ಅಲ್ಲಿ ಗಂಡು ಹೆಣ್ಣು ಒಂದೇ ಹಿಂಡಾಗಿ ಇರುವುದಿಲ್ಲ; ಗಂಡುಗಳು ಬೇರೆ, ಹೆಣ್ಣುಗಳು ಬೇರೆ, ಬೆದೆಯ ಕಾಲಕ್ಕೂ ದೊಡ್ಡ ಬೇಟೆ ಬಿದ್ದಾಗಲೂ ಸೇರುತ್ತವೆ. ಹೆಣ್ಣು ತನ್ನ ಪ್ರದೇಶಕ್ಕೆ ಬಂದುಹೋಗುವ ಬೇರೆ ಬೇರೆ ಗಂಡುಕೂಟಗಳ ಜೊತೆಗೂ ಕೂಡುತ್ತಾಳೆ. ಮರಿ ಯಾರದು ಎಂದು ಆ ಗಂಡುಗಳಲ್ಲಿ ಯಾವುದಕ್ಕೂ ಖಚಿತವಿಲ್ಲ, ಹಾಗಾಗಿ ಅವಳ ಜೊತೆ ಕೂಡಿದ ಗಂಡುಗಳು ಸಾಮಾನ್ಯವಾಗಿ ಮರಿಗೆ ಬಾಯಿ ಹಾಕುವುದಿಲ್ಲ. ಹುಡುಗಿ ಇದನ್ನು ಹೇಳುವಾಗ ನನ್ನ ಮುಖ ನೋಡದೆ ಬಿಲ್ಲಿನ ಮುಳ್ಳನ್ನು ನೋಡುತ್ತಿದ್ದಳು. ಹಿರಿಯವ್ವ ಮಾತ್ರ ಮುಚ್ಚುಮರೆಯಿಲ್ಲದೆ ನಕ್ಕು, ‘ಜಾಣೆ’ ಎಂದರು.

ಇನ್ನು ಕೊರತೆಗಳು, ವಿಮರ್ಶೆ ಎಂದ ಮೇಲೆ ಬರೆಯಬೇಕು. ಹೊಗೆ ಹೋಗಲು ಸರಿಯಾದ ದಾರಿ ಇಲ್ಲ. ಕಾವಲಿಗೆ ಹತ್ತಿರದ ಎರಡು ಮೇಜಿನಲ್ಲಿ ಕೂತರೆ ಕಚೇರಿಗೆ ಕಣ್ಣೀರು ಒರೆಸಿಕೊಂಡು ಹೋಗಬೇಕು. ಕೈ ತೊಳೆಯುವ ನಲ್ಲಿಯ ತಿರುಪು ಸವೆದಿದೆ. ಮೊಬೈಲಿನಲ್ಲಿ ಹಣ ಕಳಿಸಬಹುದು, ಆದರೆ ಓಣಿಯಲ್ಲಿ ಸಿಗ್ನಲ್ ಬರುವುದು ಹೊರಗಿನ ಕಟ್ಟೆಯ ಮೇಲೆ ನಿಂತಾಗ ಮಾತ್ರ. ಅಲ್ಲಿ ನಿಂತು ಪರದೆ ಎತ್ತಿ ತೋರಿಸಬೇಕು. ಭಾನುವಾರ ಅರ್ಧ ಗಂಟೆ ಕಾಯಿಸುತ್ತಾರೆ, ಯಾರೂ ಕ್ಷಮೆ ಕೇಳುವುದಿಲ್ಲ. ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ, ಸಂಜೆ ನಾಲ್ಕೂವರೆಯಿಂದ ಮಂಡಕ್ಕಿ, ಮೆಣಸಿನಕಾಯಿ. ಮೆಣಸಿನಕಾಯಿ ಚೆನ್ನಾಗಿದೆ, ಮಂಡಕ್ಕಿ ಸಾಧಾರಣ. ನರ್ಗೀಸ್ ಮಂಡಕ್ಕಿ ಬೇಕೆಂದರೆ ಬೇರೆ ಕಡೆ ಹೋಗಿ. ಅಮಾವಾಸ್ಯೆಗೆ ರಜೆ. ಬಾಗಿಲಿನಿಂದ ಎರಡನೆಯ ಮೇಜಿನ ಗೋಡೆ ಬದಿಯ ಸ್ಟೂಲಿನಿಂದ ಟಿ.ವಿ. ನೆಟ್ಟಗೆ ಕಾಣುತ್ತದೆ. ಅದು ನನ್ನದು. ನಾನಿಲ್ಲದಾಗ ಕೂರಬಹುದು.

ದೋಸೆಯ ಗುಣಮಟ್ಟದಲ್ಲಿ ವ್ಯತ್ಯಾಸ ಆಗುತ್ತದೆಯೇ ಎಂದು ಕೇಳುವವರಿಗೆ: ಹೆಂಗಸರು ವಾಪಸು ಬಂದ ಮೇಲೆ ಒಂದೇ ಒಂದು ದಿನ ಆಗಿದೆ. ಅದರ ಕಾರಣವನ್ನೂ ಬರೆದುಬಿಡುತ್ತೇನೆ.

ಆ ಬೆಳಿಗ್ಗೆ ಕರೆಂಟು ಹೋಗಿತ್ತು. ಟಿ.ವಿ. ಇಲ್ಲ. ಹುಡುಗಿ ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದ ಒಂದು ಸಣ್ಣ ವಿಡಿಯೋ ತೋರಿಸಿದಳು. ಉಗಾಂಡಾದ ಜೇಕಬ್ ಎಂಬ ಸಿಂಹ. ಕಳ್ಳಬೇಟೆಯವರು ಒಡ್ಡಿದ್ದ ಕಬ್ಬಿಣದ ಬೋನಿಗೆ ಸಿಕ್ಕಿ ಹಿಂಗಾಲೊಂದನ್ನು ಕಳೆದುಕೊಂಡಿದೆ, ಮೂರೇ ಕಾಲು. ಜೊತೆಗೆ ಅದರ ಸಹೋದರ, ಟಿಬು. 2024ರ ಫೆಬ್ರವರಿಯ ಒಂದು ರಾತ್ರಿ ಎರಡೂ ಕಜಿಂಗಾ ಕಾಲುವೆಯ ದಡಕ್ಕೆ ಬಂದಿವೆ. ಕೆಲವೇ ಗಂಟೆಗಳ ಹಿಂದೆ ಬೇರೆ ಗಂಡುಗಳ ಜೊತೆ ಹೋರಾಡಿ ಸೋತಿವೆ. ಈ ದಡದಲ್ಲಿ ಹೆಣ್ಣುಗಳು ಸಿಗುವುದು ಕಷ್ಟ, ಆಚೆ ದಡದಲ್ಲಿ ಸಿಕ್ಕಬಹುದು. ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ನೀರು, ನೀರಿನಲ್ಲಿ ಮೊಸಳೆ, ನೀರಾನೆ. ಶಾಖವನ್ನು ಗ್ರಹಿಸುವ ಕ್ಯಾಮೆರಾ ಕಟ್ಟಿದ ಡ್ರೋನಿನಿಂದ ತೆಗೆದದ್ದು. ಕಪ್ಪು ಪರದೆಯ ಮೇಲೆ ಎರಡು ಬಿಳಿ ಚುಕ್ಕೆಗಳು, ಅಷ್ಟೇ. ಇಳಿದವು. ಹಿಂತಿರುಗಿದವು. ಮತ್ತೆ ಇಳಿದವು, ಮತ್ತೆ ಹಿಂತಿರುಗಿದವು.

ಹುಡುಗಿಯ ಅಂಗೈಯಷ್ಟು ಪರದೆಯ ಸುತ್ತ ಹನ್ನೊಂದು ತಲೆಗಳು. ಎಣಿಸಿದ್ದೇನೆ. ಹಮಾಲರು ನಾಲ್ಕು ಜನ, ನಾನು, ಶಾಲೆಗೆ ಹೊರಟಿದ್ದ ಇಬ್ಬರು ಹುಡುಗರು, ಸೊಸೆ, ಮಗಳು, ಪಾತ್ರೆ ತೊಳೆಯುವ ಹೆಂಗಸು, ಮತ್ತು ನನ್ನ ಹೆಗಲ ಮೇಲೆ ಹಿಟ್ಟಿನ ಕೈ ಊರಿಕೊಂಡು ಹಿರಿಯವ್ವ. ‘ಮೂರು ಕಾಲಲ್ಲಿ ಹೇಗೆ ಈಜುತ್ತಾನೆ’ ಎಂದು ಯಾರೋ ಅಂದರು. ‘ಸುಮ್ಮನಿರಿ’ ಎಂದರು ಹಿರಿಯವ್ವ. ಕೊನೆಗೊಮ್ಮೆ ಎರಡೂ ಚುಕ್ಕೆಗಳು ಹಿಂತಿರುಗಲಿಲ್ಲ. ಒಂದರ ಹಿಂದೆ ಒಂದು ಕಪ್ಪಿನಲ್ಲಿ ಜರುಗುತ್ತಾ ಹೋದವು, ಬಹಳ ಹೊತ್ತು, ಆಚೆ ದಡ ಮುಟ್ಟುವವರೆಗೂ.

ಆಗ ವಾಸನೆ ಬಂತು. ಕಾವಲಿಯ ಮೇಲೆ ಎಂಟೂ ದೋಸೆಗಳು ಕರಕಲಾಗಿದ್ದವು. ಹಿರಿಯವ್ವ ಅವುಗಳನ್ನು ಕೆರೆದು ತೆಗೆದು, ಬೂದಿಯ ಬುಟ್ಟಿಗೆ ಹಾಕಿ, ನೀರು ಚಿಮುಕಿಸಿದರು. ಹಮಾಲರಲ್ಲಿ ಒಬ್ಬ ಹುಡುಗಿಗೆ, ‘ಅವ್ವಾ, ಇನ್ನೊಂದು ಸಲ ಹಾಕು’ ಎಂದ.